ಮಾತ್ರೆಯಿಲ್ಲದ ಮಾತ್ರೆ ಅಕ್ಕ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಓಣಿಯ ನಲ್ಲಿಯ ಮುಂದೆ ಕೊಡಗಳು ಸಾಲಾಗಿ ನಿಂತಿವೆ, ಅವುಗಳ ಒಡತಿಯರು ಎದ್ದಿಲ್ಲ. ಹೆಗಲಿಗೆ ಬಟ್ಟೆಯ ಚೀಲ, ಮುಖಕ್ಕೆ ಮಾಸ್ಕು, ಕೈಯಲ್ಲೊಂದು ಪುಟ್ಟ ಟಾರ್ಚು ಹಿಡಿದ ಹೆಂಗಸೊಬ್ಬರು ಮೂಲೆಮನೆಯ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆತ್ತಗೆ ತಟ್ಟುತ್ತಾರೆ. ಜೋರಾಗಿ ತಟ್ಟಿದರೆ ಪಕ್ಕದ ಮನೆಯವರಿಗೆ ಎಚ್ಚರವಾಗುತ್ತದೆ, ಈ ಕಾಯಿಲೆಯ ಸುದ್ದಿ ಅಕ್ಕಪಕ್ಕದವರ ಕಿವಿಗೆ ಬೀಳುವುದು ಒಳ್ಳೆಯದಲ್ಲ. ಅಜ್ಜಿಯೊಬ್ಬರು ಗೊಣಗುತ್ತ ಬಾಗಿಲು ತೆಗೆದು, ಲೋಟದ ತುಂಬ ನೀರು ಕುಡಿದು, ಯಾರೂ ಹೇಳದೆಯೇ ಬಾಯಿ ತೆರೆಯುತ್ತಾರೆ. ಬಂದವರು ಟಾರ್ಚು ಬಿಟ್ಟು ನಾಲಿಗೆಯ ಅಡಿ, ದವಡೆಯ ಸಂದಿ ಎಲ್ಲ ನೋಡಿ "ಹೂಂ, ಮುಚ್ಚಿ" ಎಂದು ಮುಂದಿನ ಮನೆಗೆ ಹೊರಡುತ್ತಾರೆ.

ಓಣಿಯ ಜನ ಇವರನ್ನು ಮಾತ್ರೆ ಅಕ್ಕ ಎನ್ನುತ್ತಾರೆ. ಕ್ಷಯ ರೋಗಿಗಳ ಮನೆಗೆ ದಿನಾ ಬೆಳಿಗ್ಗೆ ಹೋಗಿ, ಎದುರಿಗೆ ಕೂತು ಮಾತ್ರೆ ನುಂಗಿಸುವುದು ಇವರ ಕೆಲಸ. ಕೊಟ್ಟು ಬಂದರೆ ಸಾಲದು, ನುಂಗಿದ್ದನ್ನು ಕಣ್ಣಾರೆ ಕಾಣಬೇಕು. ಅಕ್ಕನನ್ನು ಕಂಡರೆ ಸಾಕು, ಓಣಿಯ ಮಕ್ಕಳು ಸಾಲಾಗಿ ನಿಂತು 'ಆ' ಎಂದು ಬಾಯಿ ಕಳೆಯುತ್ತವೆ. ಹಾಲುಹಲ್ಲು ಬಿದ್ದ ಆ ಬಾಯಿಗಳನ್ನೂ ಅಕ್ಕ ಗಂಭೀರವಾಗಿ ನೋಡಿ ಪಾಸು ಮಾಡುತ್ತಾರೆ. ಎಲ್ಲ ಮೊದಲಿನ ಹಾಗೆಯೇ ಇದೆ. ಚೀಲದಲ್ಲಿ ಮಾತ್ರೆ ಇಲ್ಲ, ಅಷ್ಟೇ.

ಕಳೆದ ತಿಂಗಳಿಂದ ಆರೋಗ್ಯ ಕೇಂದ್ರಕ್ಕೆ ಕ್ಷಯದ ಔಷಧ ಬಂದಿಲ್ಲ. ಅಲ್ಲಿ ಔಷಧ ಕೊಡುವವರು ಒಳ್ಳೆಯ ಮನುಷ್ಯ, ಕೇಳಿದವರಿಗೆಲ್ಲ ಬೀರು ತೆಗೆದು ಖಾಲಿ ಅರೆಗಳನ್ನು ತೋರಿಸುತ್ತಾರೆ. ಸೋಮವಾರ ಬರುತ್ತದೆ ಎನ್ನುತ್ತಾರೆ, ಯಾವ ಸೋಮವಾರ ಎಂದು ಅವರಿಗೂ ಗೊತ್ತಿಲ್ಲ. ಮೇಲೆ ಎಲ್ಲೋ ಖರೀದಿಯ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತಡವಾಯಿತಂತೆ. ಹೊರಗೆ ಕೊಳ್ಳೋಣವೆಂದರೆ, ಸರ್ಕಾರವೇ ಪುಕ್ಕಟೆ ಕೊಡುತ್ತದೆಂದು ಅಂಗಡಿಯವರು ತರಿಸುವುದನ್ನೇ ಬಿಟ್ಟಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೇ ದಿನಾ ಬಂದು ಬಾಗಿಲು ತಟ್ಟುತ್ತಿದ್ದಾರೆ, ದೇವರು ನಾಪತ್ತೆ.

ನೆಗಡಿಯ ಮಾತ್ರೆಯಾಗಿದ್ದರೆ ನಾಲ್ಕು ದಿನ ತಡೆದುಕೊಳ್ಳಬಹುದಿತ್ತು. ಈ ಕಾಯಿಲೆಗೆ ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ನಡುವೆ ಬಿಟ್ಟರೆ ಅಳಿದುಳಿದ ಕ್ರಿಮಿಗಳು ಮತ್ತೆ ತಲೆ ಎತ್ತುತ್ತವೆ, ಆಮೇಲೆ ಅದೇ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಇದನ್ನು ಮನೆಮನೆಗೆ ಹೇಳಿ ಹೇಳಿ ಅಕ್ಕನ ಗಂಟಲು ಒಣಗಿತ್ತು. ಜನ ಕೊನೆಗೂ ನಂಬಿದರು. ನಂಬಿದ ಮೇಲೆ ಮಾತ್ರೆ ನಿಂತುಹೋಯಿತು, ಹೊಟ್ಟೆ ಉರಿಯುವುದು ಅದಕ್ಕೇ.

ಹಾಗಿದ್ದರೆ ಬರಿಗೈಯಲ್ಲಿ ಯಾಕೆ ಅಲೆಯುತ್ತೀರಿ ಎಂದರೆ ಅಕ್ಕ ಮಾಸ್ಕು ಸರಿಮಾಡಿಕೊಳ್ಳುತ್ತಾರೆ. "ಈ ಬಾಗಿಲುಗಳನ್ನ ತೆಗೆಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಎಷ್ಟೋ ಜನ ಒಳಗಿದ್ಕೊಂಡೇ ಇಲ್ಲ ಅನ್ನೋರು. ಈಗ ನಾನು ಹೋಗೋದು ಬಿಟ್ರೆ ಮತ್ತೆ ಮುಚ್ಕೊಳ್ತಾರೆ. ನಾಳೆ ಮಾತ್ರೆ ಬಂದ್ರೆ ಯಾರಿಗೆ ಕೊಡ್ಲಿ? ಅದಕ್ಕೇ ನೀರಾದ್ರೂ ಕುಡಿಸ್ತೀನಿ, ಬಾಯಿ ತೆಗೆಸ್ತೀನಿ. ಅಭ್ಯಾಸ ತಪ್ಪಬಾರ್ದು."

ಬಾಯಿ ತೆಗೆಸುವ ಈ ಹಟಕ್ಕೆ ಹಿಂದಿನದೊಂದು ಗಾಯವಿದೆ. ಅಕ್ಕನ ತಮ್ಮ ವೆಲ್ಡಿಂಗ್ ಅಂಗಡಿಯಲ್ಲಿದ್ದ. ಕ್ಷಯ ಹಿಡಿದಾಗ ಅಕ್ಕನೇ ಮನೆಗೆ ಕರೆತಂದು ನೋಡಿಕೊಂಡರು. ಮೂರು ತಿಂಗಳಿಗೆ ಕೆಮ್ಮು ನಿಂತು ಕೆನ್ನೆ ತುಂಬಿಕೊಂಡಿತು. ಅಕ್ಕ ದಿನಾ ಮಾತ್ರೆ, ನೀರು ಇಟ್ಟು ಒಲೆಯ ಕಡೆ ತಿರುಗುತ್ತಿದ್ದರು, ಅವನು 'ಆಯ್ತಕ್ಕ' ಎನ್ನುತ್ತಿದ್ದ. ವರ್ಷ ತುಂಬುವ ಮೊದಲೇ ಕಾಯಿಲೆ ಮರುಕಳಿಸಿತು, ಈ ಸಲ ಯಾವ ಮಾತ್ರೆಯೂ ನಾಟಲಿಲ್ಲ. "ಹೋಗೋ ಮುಂಚೆ ಅವನೇ ಹೇಳ್ದ, ನುಂಗ್ತಿರ್ಲಿಲ್ಲ ಕಣಕ್ಕ, ಚೆನ್ನಾಗಿದ್ನಲ್ಲ ಅಂತ. ಒಂದು ಸಲ ಬಾಯಿ ತೆಗೆಸಿ ನೋಡಿದ್ರೆ ಆಗ್ತಿತ್ತು. ನನ್ನ ತಮ್ಮ ಅಲ್ವಾ, ನಂಬಿಬಿಟ್ಟೆ." ಅವನ ಕಾರ್ಯ ಮುಗಿಸಿದ ಮೇಲೆ ಅಕ್ಕ ಈ ಕೆಲಸಕ್ಕೆ ಸೇರಿದರು. ಆಮೇಲೆ ಯಾರ ಮಾತನ್ನೂ ನಂಬಿಲ್ಲ.

ಮಾತ್ರೆ ನುಂಗಿಸಿದ ಲೆಕ್ಕವನ್ನು ಮನೆಬಾಗಿಲಲ್ಲೇ ನಿಂತು ಫೋನಿನ ಆ್ಯಪ್‌ನಲ್ಲಿ ಒತ್ತಬೇಕು. ಅದರಲ್ಲಿರುವುದು ಎರಡೇ ಗುಂಡಿ. ಒಂದು, ರೋಗಿ ನುಂಗಿದರು. ಇನ್ನೊಂದು, ರೋಗಿ ತಪ್ಪಿಸಿದರು. ಔಷಧವೇ ಇರಲಿಲ್ಲ ಎಂದು ಹೇಳಲು ಗುಂಡಿ ಇಲ್ಲ, ಅದನ್ನು ಮಾಡಿದವರಿಗೆ ಅಂಥ ದಿನವೊಂದು ಬರಬಹುದು ಎಂದು ಹೊಳೆದೇ ಇರಲಿಲ್ಲವೇನೋ. ಮೇಲ್ವಿಚಾರಕರು ಮೊದಲನೆಯದನ್ನು ಒತ್ತಿಬಿಡಿ, ಎಲ್ಲರಿಗೂ ನೆಮ್ಮದಿ ಎಂದರು. ಒತ್ತಿದರೆ ಓಣಿಯಲ್ಲಿ ಔಷಧಕ್ಕೆ ಕೊರತೆಯೇ ಇಲ್ಲ ಎಂದಾಗುತ್ತದೆ. ಎರಡನೆಯದನ್ನು ಒತ್ತಿದರೆ ತಪ್ಪೆಲ್ಲ ರೋಗಿಯ ತಲೆಗೆ. ಅಕ್ಕ ಯಾವುದನ್ನೂ ಒತ್ತುತ್ತಿಲ್ಲ. ಹೀಗಾಗಿ ಮೇಲಿನವರ ಲೆಕ್ಕದಲ್ಲಿ ಅವರು ಒಂದು ತಿಂಗಳಿಂದ ಕೆಲಸಕ್ಕೇ ಬಂದಿಲ್ಲ, ಗೌರವಧನವೂ ಬಂದಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ತಮ್ಮನ್ನೇ ಹಂಗಿಸಿಕೊಳ್ಳುತ್ತಾರೆ.

ಓಣಿಯ ಕೊನೆಯ ಮನೆ ಟೈಲರ್‌ನದು. ಒಂದೇ ಕೋಣೆ, ಕಿಟಕಿಗೆ ಒರಗಿದ ಹೊಲಿಗೆ ಯಂತ್ರ, ಗೋಡೆಯ ಮೊಳೆಯಲ್ಲಿ ಪುಟ್ಟದೊಂದು ಹಳದಿ ಫ್ರಾಕು. ಕಾಯಿಲೆ ಗೊತ್ತಾದ ದಿನವೇ ಅವನು ಹೆಂಡತಿಯನ್ನೂ ಇನ್ನೂ ನಡೆಯಲು ಬಾರದ ಮಗಳನ್ನೂ ತವರಿಗೆ ಕಳಿಸಿದ. ಈ ತಿಂಗಳ ಪರೀಕ್ಷೆಯಲ್ಲಿ ಕಫದಲ್ಲಿ ಏನೂ ಸಿಗದಿದ್ದರೆ ಮಗಳನ್ನು ಕರೆತರಬಹುದು ಎಂದು ಡಾಕ್ಟರು ಹೇಳಿದ್ದರು. ಮಗು ಬೆಳೆಯುತ್ತದೆಂದು ಫ್ರಾಕಿನ ಅಂಚಿನಲ್ಲಿ ಬಟ್ಟೆ ಒಳಗೆ ಮಡಿಸಿ ಹೊಲಿದಿದ್ದ. ಆ ಮಡಿಕೆಯನ್ನು ಈಗಾಗಲೇ ಎರಡು ಸಲ ಬಿಚ್ಚಿ ಉದ್ದ ಮಾಡಿದ್ದಾನೆ. ಇನ್ನು ಬಿಚ್ಚಲು ಬಟ್ಟೆ ಉಳಿದಿಲ್ಲ.

ಶುರುವಿನಲ್ಲಿ ಇವನೇ ಅಕ್ಕನಿಗೆ ತಲೆನೋವಾಗಿದ್ದ. ಹೊಟ್ಟೆ ತೊಳೆಸುತ್ತದೆ, ಮೂತ್ರ ಕೆಂಪಗೆ ಹೋಗುತ್ತದೆ ಎಂದು ಹೆದರಿ ಮಾತ್ರೆಯನ್ನು ಟಾರ್ಚಿಗೂ ಕಾಣದಂತೆ ದವಡೆಯಲ್ಲಿ ಒತ್ತರಿಸಿಕೊಂಡು, ಅಕ್ಕ ಆಚೆ ಹೋದ ಮೇಲೆ ಬಟ್ಟೆಚೂರಿನ ಡಬ್ಬಕ್ಕೆ ಉಗುಳುತ್ತಿದ್ದ. ಒಮ್ಮೆ ಅಕ್ಕನ ಟಾರ್ಚಿಗೆ ಸಿಕ್ಕಿಬಿದ್ದ. ಬಾಗಿಲು ಮೆತ್ತಗೆ ತಟ್ಟುವ ಅಕ್ಕ ಅಂದು ಓಣಿಗೆಲ್ಲ ಕೇಳುವಂತೆ ಬೈದಿದ್ದರು. ಮೂತ್ರ ಕೆಂಪಗಿದ್ದರೆ ಔಷಧ ಒಳಗೆ ಹೋಗಿದೆ ಎಂದರ್ಥ, ಇನ್ನು ಒಂದು ದಿನ ತಪ್ಪಿಸಿದರೂ ಮಗಳನ್ನು ಮರೆತುಬಿಡು ಎಂದಿದ್ದರು. ಅಂದಿನಿಂದ ಅವನು ಒಂದು ದಿನವೂ ತಪ್ಪಿಸಲಿಲ್ಲ.

ಇವತ್ತು ಅವನ ಕೋಣೆಯ ನೆಲದ ತುಂಬ ಬಟ್ಟೆಯ ಚೂರುಗಳು ಹರಡಿವೆ. ಅಕ್ಕ ಅವನ್ನು ದಾಟಿಕೊಂಡು ಒಳಗೆ ಹೋಗುತ್ತಾರೆ. ವಾರದಿಂದ ಕೆಮ್ಮು ಮತ್ತೆ ಶುರುವಾಗಿದೆ, ಓಣಿಯ ತಿರುವಿಗೇ ಕೇಳಿಸಿತ್ತು. ಟೈಲರ್ ನೀರು ಕುಡಿದು ಲೋಟ ಕೆಳಗಿಟ್ಟು, ಕೆಂಪು ಬಣ್ಣ ಬಿಟ್ಟುಹೋಗಿ ತಿಂಗಳಾಗುತ್ತ ಬಂತು, ಮೂತ್ರ ಎಲ್ಲರ ಹಾಗೇ ಆಗಿದೆ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಹಿಂದೊಮ್ಮೆ ಅವನು ಇದನ್ನೇ ಬೇಡಿಕೊಂಡಿದ್ದ.

"ಅಕ್ಕ, ನಾನು ತಪ್ಪಿಸ್ದಾಗ ಅಷ್ಟು ಬೈದ್ರಿ," ಎನ್ನುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ. "ಈಗ ಮೇಲಿನೋರು ತಪ್ಪಿಸ್ತಿದಾರೆ. ಅವರಿಗೂ ಬೈದ್ರಾ?"

ಅಕ್ಕ ಬೈಯಲೆಂದೇ ಆರೋಗ್ಯ ಇಲಾಖೆಯ ಕಚೇರಿಗೆ ಹೋಗಿದ್ದರು. ಹಿರಿಯ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿ, ಎಲ್ಲವನ್ನೂ ಕೇಳಿ, ಮೇಲಕ್ಕೆ ಬರೆದಿದ್ದೇವೆ ಎಂದಿದ್ದರು. ಅಷ್ಟು ಮರ್ಯಾದೆಯಿಂದ ಮಾತಾಡಿದವರಿಗೆ ಬೈಯುವುದು ಹೇಗೆಂದು ತಿಳಿಯದೆ ಎದ್ದು ಬಂದಿದ್ದರು. "ಬಾಯಿ ತೆಗಿಯಪ್ಪ" ಎಂದು ಟಾರ್ಚು ಹಚ್ಚುತ್ತಾರೆ.

ಅವನು ಬಾಯಿ ತೆರೆಯುತ್ತಾನೆ, ನಾಲಿಗೆ ಎತ್ತುತ್ತಾನೆ. ಅಕ್ಕ ಎಡ ದವಡೆ ನೋಡುತ್ತಾರೆ, ಬಲ ದವಡೆ ನೋಡುತ್ತಾರೆ, ಮತ್ತೆ ಎಡಕ್ಕೆ ಬರುತ್ತಾರೆ. ಬೇರೆ ಮನೆಗಳಲ್ಲಿ ಇಷ್ಟು ಹೊತ್ತು ಹಿಡಿದಿರಲಿಲ್ಲ. ಬರೀ ನೀರು ಕುಡಿದವನ ಬಾಯಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಅವನೇ ಕೇಳಬೇಕಾಗುತ್ತದೆ.

"ಆವಾಗ ಬಚ್ಚಿಟ್ಕೋತಿದ್ಯಲ್ಲ," ಎನ್ನುತ್ತಾರೆ ಅಕ್ಕ, ಟಾರ್ಚು ಆರಿಸದೆ. "ಒಂದಾದ್ರೂ ಎಲ್ಲಾದ್ರೂ ಉಳಿದಿದ್ಯೇನೋ ಅಂತ."

ಟೈಲರ್ ನೆಲದ ಮೇಲಿನ ಬಟ್ಟೆಚೂರುಗಳ ಕಡೆ ನೋಡುತ್ತಾನೆ.

"ನಾನೂ ಹುಡುಕ್ದೆ ಅಕ್ಕ. ಡಬ್ಬ ಪೂರ್ತಿ ಸುರಿದು ನೋಡ್ದೆ. ಒಂದೂ ಇಲ್ಲ."