ಹೊಲಿದಿಟ್ಟ ಹಾಳೆಗಳು

ಮೊನ್ನೆ ಪೆಟ್ಟಿಗೆಯ ತಳದಲ್ಲಿ ಹಳೆಯ ಕಾದಂಬರಿಯೊಂದು ಸಿಕ್ಕಿತು. ನಡುವಿನ ಕೆಲವು ಹಾಳೆಗಳನ್ನು ಕರಿ ದಾರದಿಂದ ಹೊಲಿದಿತ್ತು. ನೋಡಿದ ಕೂಡಲೇ ಮುಂಡಗೋಡಿನ ನಮ್ಮ ಎದುರುಮನೆಯ ಕಾಕು ನೆನಪಾದರು...

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು, ನಾನಾಗ ಶಾಲೆಗೆ ಹೋಗುವ ಹುಡುಗಿ. ಕಾಕುವಿನ ಯಜಮಾನರು, ನಮ್ಮ ಕಾಕಾ, ಲೋಕಲ್ ಬೋರ್ಡಿನ ಮೆಂಬರು, ದೊಡ್ಡ ದನಿಯ ಮನುಷ್ಯ. ಕಾದಂಬರಿ ಓದಿಸಿ ಕೇಳುವುದೆಂದರೆ ಪ್ರಾಣ. ಆದರೆ ಅದರಲ್ಲಿ ಯಾರಾದರೂ ಸತ್ತರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಕಾಕು ಮಧ್ಯಾಹ್ನ ತಾವು ಮೊದಲು ಓದಿ, ಸಂಕಟದ ಹಾಳೆಗಳನ್ನು ಹೊಲಿದುಬಿಡುತ್ತಿದ್ದರು. ಸಂಜೆ ಕಾಕು ಒಲೆಯ ಮುಂದೆ ಕೂತರೆ ಕಾಕಾನಿಗೆ ಓದಿ ಹೇಳುವ ಕೆಲಸ ನನ್ನದು. ನಮ್ಮ ಕಾದಂಬರಿಗಳಲ್ಲಿ ಸಾಯುವವರೇ ಇರಲಿಲ್ಲ. ಜಡ್ಡು ಬಿದ್ದವರು ಮುಂದಿನ ಹಾಳೆಯಲ್ಲಿ ಮಾಯವಾಗುತ್ತಿದ್ದರು, ಅಷ್ಟೆ.

ಆ ವರ್ಷ ಕಾಡಂಚಿನ ಹಳ್ಳಿಗಳಲ್ಲಿ ಚಳಿಜ್ವರ ಜೋರಾಯಿತು. ಸರಕಾರದ ಖರ್ಚಿನಲ್ಲಿ ಮನೆಮನೆಗೂ ಕ್ವಿನೈನ್ ಗುಳಿಗೆ ಹಂಚಬೇಕೆಂಬ ಮಾತು ಬೋರ್ಡಿಗೆ ಬಂತು. ಖಾದಿ ತೊಟ್ಟ ಹುಡುಗರೆಲ್ಲ ಹೌದೆಂದರೆ ಕಾಕಾ ಅಡ್ಡ ನಿಂತರು. ಪುಗಸಟ್ಟೆ ಕೊಟ್ಟರೆ ಜನ ಕೆಡುತ್ತಾರೆ, ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಜಗುಲಿಯ ಮೇಲೆ ದಿನಾ ಭಾಷಣ. ಅವರ ಮಾತು ಮೀರುವವರು ಬೋರ್ಡಿನಲ್ಲಿ ಇರಲಿಲ್ಲ.

ಇತ್ತ, ನಮ್ಮ ಮನೆಗಳಿಗೆ ಕಾಡಂಚಿನ ಸನವಳ್ಳಿಯಿಂದ ಕಟ್ಟಿಗೆ ತರುತ್ತಿದ್ದ ಸಿದ್ದಿ ಜನಾಂಗದ ಹೆಣ್ಣುಮಗಳ ಕೂಸು ಜ್ವರದಿಂದ ಕಣ್ಣು ತೆರೆಯದೆ ಮಲಗಿತ್ತು. ಮಕ್ಕಳಿಲ್ಲದ ಕಾಕು ತೊಡೆಯ ಮೇಲೆ ಆಡಿಸಿದ ಕೂಸು ಅದು. ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಆಕೆಯ ಸೆರಗಿಗೆ ಕಟ್ಟಿ ಕಳಿಸಿದರು. ಆಕೆ ಅವನ್ನು ಕೇರಿಯ ಮಕ್ಕಳಿಗೆಲ್ಲ ಸಮನಾಗಿ ಹಂಚಿದಳಂತೆ. ಸಿದ್ದಿಗಳಲ್ಲಿ ಹಾಗೇ, ಸಿಕ್ಕಿದ್ದನ್ನು ಹಂಚಿಕೊಳ್ಳುವುದೇ ರೂಢಿ. ಹೀಗಾಗಿ ಯಾವ ಮಗುವಿಗೂ ಸಾಲಲಿಲ್ಲ.

ಗುಳಿಗೆಯ ಮಾತು ತೀರ್ಮಾನವಾಗಬೇಕಿದ್ದ ಬೋರ್ಡಿನ ಸಭೆಯ ಹಿಂದಿನ ಸಂಜೆ ಹೊಸ ಕಾದಂಬರಿ ತೆರೆದೆ. ಎಲ್ಲೂ ಹೊಲಿಗೆ ಇರಲಿಲ್ಲ, ಓದುತ್ತ ಹೋದೆ. ಜ್ವರ ಹೊಕ್ಕ ಊರು, ತೀರಿಕೊಂಡ ತಾಯಿಯ ಸೆರಗು ಜಗ್ಗುತ್ತ ಕೂತ ಕೂಸು... ಕಾಕಾ ಸಾಕೆಂದು ಎದ್ದು ನಿಂತು, ಇದನ್ನೇಕೆ ಹೊಲಿಯಲಿಲ್ಲ ಎಂದು ಕಾಕುವನ್ನು ಕೂಗಿ ಕೇಳಿದರು.

ಕಾಕು ಹಿಟ್ಟಿನ ಕೈಯಲ್ಲೇ ಅಡಿಗೆಮನೆಯ ಬಾಗಿಲಿಗೆ ಬಂದರು.

"ಪುಸ್ತಕ ಆದ್ರ ಹೊಲೀತೇನ್ರಿ. ಸನವಳ್ಳಿ ಹೆಂಗ ಹೊಲೀಲಿ?"

ಮರುದಿನ ಸಭೆಯಲ್ಲಿ ಕಾಕಾ ಬಾಯಿ ಬಿಡಲಿಲ್ಲವಂತೆ. ಊರೂರಿಗೆ ಗುಳಿಗೆ ಹೋಯಿತು, ಕೂಸು ಉಳಿಯಿತು. ಆಮೇಲೂ ಕಾಕಾ, ಸರಕಾರವೇನು ಧರ್ಮಛತ್ರವೇ ಎಂದು ಗೊಣಗುತ್ತಲೇ ಇದ್ದರು. ಹುಟ್ಟುಗುಣ ಸುಟ್ಟರೂ ಹೋಗದು.

ಕೆಲವು ಮಳೆಗಾಲ ಕಳೆದ ಮೇಲೆ ಅದೇ ಜ್ವರ ಕಾಕುವನ್ನು ಒಯ್ದಿತು. ಗುಳಿಗೆ, ಡಾಕ್ಟರು, ಯಾವುದೂ ಕೈ ಹಿಡಿಯಲಿಲ್ಲ. ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಕಾಕಾ ನನ್ನನ್ನು ಕರೆಸಿ, ಅಂದು ನಿಲ್ಲಿಸಿದ ಕಾದಂಬರಿಯನ್ನೇ ಕೈಗಿಟ್ಟರು.

"ಓದವಾ. ಈ ಸಲ ನಾ ಸಾಕು ಅನ್ನೂದಿಲ್ಲ."

ಕೊನೆಯವರೆಗೂ ಓದಿದೆ. ಅವರು ಅಳುತ್ತ ಕೇಳಿದರು. ನಾನೂ ಅತ್ತೆ.

ಈಗ ಅವರಿಬ್ಬರೂ ಇಲ್ಲ, ಆ ಮನೆಯೂ ಇಲ್ಲ. ನನ್ನ ಕಣ್ಣು ಮಂಜಾಗಿ, ಮೊಮ್ಮಗಳು ಪೇಪರು ಓದಿ ಹೇಳುತ್ತಾಳೆ. ಅಜ್ಜಿಗೆ ಬೇಜಾರಾದೀತೆಂದು ನಡುನಡುವೆ ಏನೋ ಬಿಡುತ್ತಾಳೆ, ನನಗೆ ತಿಳಿಯುತ್ತದೆ. ಅದನ್ನೂ ಓದು ಎನ್ನುತ್ತೇನೆ. ಹಾಗೆನ್ನುವಾಗ ಕಣ್ಣು ತಾನಾಗಿ ಅಡಿಗೆಮನೆಯ ಬಾಗಿಲ ಕಡೆ ಹೊರಳುತ್ತದೆ... ಅಲ್ಲಿ ಯಾರೂ ಇರುವುದಿಲ್ಲ.