ಅಲೋಶಿಯಸ್ ಅಂಕಲ್ಲರ ಬ್ರೇಕು
ಕಡಲಾಚೆಯ ಕ್ರಾನ್‌ಬರ್ನ್‌ನಲ್ಲಿ ನೆಲೆಸಿರುವ ಅಲೋಶಿಯಸ್ ಅಂಕಲ್ಲರ ಗ್ಯಾರೇಜಿನಲ್ಲಿ 2002ರಲ್ಲಿ ಹುಟ್ಟತೊಡಗಿದ ಕಾರು 2008ರಲ್ಲೂ ಹುಟ್ಟುತ್ತಲೇ ಇದೆ. ಬಿಡಿಭಾಗಗಳ ಕಿಟ್ ತರಿಸಿ ಕೈಯಾರೆ ಕಾರು ಕಟ್ಟುವವರು ಬ್ರೇಕು ಒತ್ತಿದಾಗ ಚಕ್ರ ಲಾಕಾಗಿ ಕಾರು ಜಾರದಂತೆ ತಡೆಯುವ ಎಬಿಎಸ್ಸನ್ನು ರಗಳೆಯೆಂದು ಬಿಟ್ಟುಬಿಡುತ್ತಾರೆ. ಅಂಕಲ್ ಮಾತ್ರ ಗುಜರಿ ಸೆಡಾನಿನಿಂದ ಮೊದಲು ಬಿಚ್ಚಿ ತಂದದ್ದೇ ಅದನ್ನು. ಎಂಜಿನ್ ಇನ್ನೂ ಬಂದಿಲ್ಲ. ಕೇಳಿದರೆ, “ಮೊದ್ಲು ನಿಲ್ಲುದು ಕಲೀಲಿ ಮಾರಾಯ್ರೆ, ಓಡ್ಲಿಕ್ಕೆ ಎಂತ ಅವಸರ?” ಎನ್ನುತ್ತಾರೆ. ಬ್ರೇಕಿನ ಕಂಪ್ಯೂಟರು ಸೆಡಾನಿನ ಭಾರಕ್ಕೆ ಒಗ್ಗಿದ್ದು, ಹೊಸ ಕಾರು ಹಗುರವೆಂದು ಗೊತ್ತಾದರೆ ಮುನಿಸಿಕೊಳ್ಳುತ್ತದೆಂದು ಹಿಂದುಗಡೆ ಹನ್ನೆರಡು ಮೂಟೆ ಕುಚ್ಚಲಕ್ಕಿ ಹೇರಿದ್ದಾರೆ. ಹೆಂಡತಿ ಫ್ಲೇವಿಯಾ ಆಂಟಿ ಗಂಜಿಗೆಂದು ಒಂದು ಪಾವು ತೆಗೆದರೂ ತಕ್ಕಡಿ ಹಿಡಿದು ಓಡಿಬರುತ್ತಾರೆ: “ಕಂಪ್ಯೂಟರಿಗೆ ಡೌಟ್ ಬರ್ತದೆ ಮಾರಾಯ್ತಿ, ವಾಪಸ್ ಹಾಕು!” ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದ ನೆರೆಹೊರೆಯ ನಾವೆಲ್ಲ ಕಾರನ್ನು ಇಳಿಜಾರಿನಲ್ಲಿ ತಳ್ಳಬೇಕು, ಡ್ರೈವರ್ ಸೀಟಿಲ್ಲದ್ದರಿಂದ ಅಂಕಲ್ ಹಾಲಿನ ಕ್ರೇಟಿನ ಮೇಲೆ ಕೂತು ಗಂಭೀರವಾಗಿ ಬ್ರೇಕು ಒತ್ತುತ್ತಾರೆ. ಪಕ್ಕದಲ್ಲಿ ಮಾತ್ರ ಮೆತ್ತನೆಯ ಸೀಟಿದೆ. ಎಬಿಎಸ್ ಇಲ್ಲದ ಅವರ ಮೊದಲ ಕಾರು ಮಳೆಯಲ್ಲಿ ಜಾರಿ ಮರಕ್ಕೆ ಬಡಿದಂದಿನಿಂದ ಆಂಟಿ ಊರುಗೋಲು ಹಿಡಿದೇ ನಡೆಯುತ್ತಾರೆ. ಆ ಸೀಟಿನ ಬದಿಗೆ ಕೋಲು ಸಿಕ್ಕಿಸಲು ಒಂದು ಕೊಂಡಿ. ಇಡೀ ಕಾರಿನಲ್ಲಿ ಅಂಕಲ್ ಬಣ್ಣ ಬಳಿದು ಮುಗಿಸಿರುವುದು ಅದೊಂದನ್ನೇ.