ಎದುರಂಗಡಿ ಕಾಕಾರ ಹಿಂದೆ ಈಜಿದ್ದು

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆಯ ಕೋಡಿನ ಹಾಗೆ ದಪ್ಪವಾಗಿತ್ತು, ಹಳದಿಗಟ್ಟಿತ್ತು. ಬಟ್ಟೆ ಅಳೆದಾದ ಮೇಲೆ ಅವರು ಕತ್ತರಿ ಹುಡುಕುತ್ತಿರಲಿಲ್ಲ. ಆ ಉಗುರಿನಿಂದ ಗೆರೆ ಎಳೆದು, ಅಂಚನ್ನು ಹಲ್ಲಿನಿಂದ ಚೂರು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಚರ್ರನೆ ಹರಿಯುತ್ತಿದ್ದರು. ಬೈಲಹೊಂಗಲದ ಪೇಟೆಯಲ್ಲಿ ಎಷ್ಟೇ ಗದ್ದಲವಿರಲಿ, ಆ ಸದ್ದು ರಸ್ತೆ ದಾಟಿ ನನ್ನ ಅಂಗಡಿಗೆ ಬಂದೇ ಬರುತ್ತಿತ್ತು. ಒಂದು ಸಲ ಚರ್ರೆಂದರೆ ಒಬ್ಬ ಗಿರಾಕಿ ನನ್ನ ಕೈ ತಪ್ಪಿದ ಎಂದೇ ಲೆಕ್ಕ.

ನಾನು ಸಂಪಗಾಂವದವನು. ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಕಿತ್ತೂರು, ಮುರಗೋಡ, ಸವದತ್ತಿಯ ಸಂತೆ ತಿರುಗಿ, ಕಡೆಗೆ ಅವರ ಎದುರಿಗೇ ರೆಡಿಮೇಡ್ ಅಂಗಡಿ ಹಾಕಿದವನು. ಗಿರಾಕಿ ಎದ್ದು ಮೆಟ್ಟಿಲಿಗೆ ಕಾಲಿಡುವ ತನಕ ಕಡೆಯ ದರ ಹೇಳಬಾರದು. ವ್ಯಾಪಾರಕ್ಕೆ ಇಳಿಯುವವರು ಇದೊಂದನ್ನು ನೆನಪಿಟ್ಟರೆ ಸಾಕು. ಆದರೆ ಕಾಕಾರ ಹತ್ತಿರ ಚೌಕಾಶಿಯೇ ಇರಲಿಲ್ಲ. “ರೇಟ್ ಒಂದ, ಚಾ ಎರಡ,” ಎನ್ನುತ್ತಿದ್ದರು. ದರ ಇಳಿಸಿರಿ ಎಂದವರಿಗೆ ಇನ್ನೊಂದು ಕಪ್ ಚಹಾ ಬರುತ್ತಿತ್ತು. ಮಕ್ಕಳ ಬಟ್ಟೆಯಾದರೆ ಅಳತೆ ಮುಗಿದ ಮೇಲೂ ನಾಲ್ಕು ಬೆರಳು ಮುಂದೆ ಹೋಗಿ ಹರಿಯುತ್ತಿದ್ದರು: “ಹುಡುಗ ಬೆಳೀತೈತಿ, ಬಟ್ಟಿ ಬೆಳ್ಯಾಂಗಿಲ್ಲ.” ಇಂಥವರ ಎದುರು ವ್ಯಾಪಾರ ಮಾಡುವ ಕಷ್ಟ ಏನೆಂದು ನನ್ನನ್ನು ಕೇಳಿ. ನನ್ನ ಹೆಂಡತಿಯೇ ಜಂಪರ್ ಬಟ್ಟೆಗೆ ಅಲ್ಲಿಗೆ ಹೋಗುತ್ತಿದ್ದಳು!

ಕಾಕಾ ಹುಟ್ಟಿದ್ದು ಮುನವಳ್ಳಿಯಲ್ಲಿ, ಮಲಪ್ರಭೆಯ ದಂಡೆಗೆ. ಅರವತ್ತು ದಾಟಿದ ಮೇಲೂ ಅಂಗಡಿಗೆ ರಜೆಯಿದ್ದ ದಿನ ಅಲ್ಲಿಗೆ ಹೋಗಿ ಈಜಿ ಬರುತ್ತಿದ್ದರು. ನವಿಲುತೀರ್ಥದ ಹಿನ್ನೀರಿನಲ್ಲಿ ಟ್ರೈಥ್ಲಾನ್ ಇದೆ, ಮುಕ್ಕಾಲು ಕಿಲೋಮೀಟರ್ ಈಜು, ಇಪ್ಪತ್ತು ಸೈಕಲ್ಲು, ಐದು ಓಟ, ಅದಕ್ಕೆ ಕಾಕಾ ಹೆಸರು ಕೊಟ್ಟಿದ್ದಾರೆ ಎಂಬ ಸುದ್ದಿ ಬಂದಾಗ ಪೇಟೆಗೆ ಪೇಟೆಯೇ ಅವರ ಕಟ್ಟೆಯ ಮೇಲೆ ಕುಳಿತಿತ್ತು. ನಾನು ಅಂದು ಸಂಜೆಯೇ ನನ್ನ ಹೆಸರೂ ಕೊಟ್ಟು ಬಂದೆ. ವ್ಯಾಪಾರದಲ್ಲಿ ಹಿಂದೆ ಬಿದ್ದವನು, ನೀರಿನಲ್ಲಾದರೂ ಈ ಮುದುಕರನ್ನು ಹಿಂದೆ ಹಾಕಬೇಕಿತ್ತು. ಅವರಿಗಿಂತ ಹದಿನೈದು ವರ್ಷ ಚಿಕ್ಕವನು ನಾನು. ಸೈಕಲ್ಲಂತೂ ನನ್ನ ಹೊಟ್ಟೆಪಾಡೇ ಆಗಿತ್ತು.

“ನಿನಗ ಈಸ ಬರತೈತೇನೋ ತಮ್ಮಾ?” ಎಂದು ಕಾಕಾ ರಸ್ತೆಯ ಆಚೆಯಿಂದಲೇ ಕೇಳಿದರು.

“ನಮ್ಮೂರ ಬಾವ್ಯಾಗ ನನ್ನ ಹಿಡಿಯವ್ರ ಇರಲಿಲ್ರಿ ಕಾಕಾರ.”

“ಹಂಗಾದ್ರ ಛಲೋ ಆತು. ನಾ ಮುಳುಗಿದ್ರ ಎತ್ತಾಕ ಒಬ್ಬ ಸಿಕ್ಕ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಈಗ ಒಂದು ಮಾತು, ಟ್ರೈಥ್ಲಾನಿಗೆ ಹೋಗುವವರು ಕಿವಿಗೊಟ್ಟು ಕೇಳಿ. ಬಾವಿಯಲ್ಲಿ ಕಲಿತ ಈಜನ್ನು ನಂಬಿ ಕೆರೆಗೆ ಇಳಿಯಬೇಡಿ. ನಮ್ಮೂರಿನ ಬಾವಿ ದುಂಡಗಿತ್ತು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಇಳಿದ ದಿನದಿಂದ, ಗೋಡೆಯ ಗುಂಟ ಎಡಕ್ಕೆ ಸುತ್ತು ಹಾಕುವುದನ್ನೇ ನಾವು ಈಜು ಎಂದುಕೊಂಡಿದ್ದೆವು. ಸುತ್ತುತ್ತಿದ್ದೇವೆಂಬುದು ಮೈಗೆ ಗೊತ್ತಾಗುತ್ತಿರಲಿಲ್ಲ. ಗೋಡೆಯೇ ದಾರಿ ತೋರಿಸುತ್ತಿತ್ತು.

ಹಿನ್ನೀರಿನಲ್ಲಿ ಗೋಡೆ ಎಲ್ಲಿಂದ ಬರಬೇಕು? ಸೀಟಿ ಊದಿದ್ದೇ ನಾನು ತಲೆ ಮುಳುಗಿಸಿ ಕೈ ಬೀಸಿದೆ. ತಲೆ ಎತ್ತಿದಾಗ ಗುರುತಿಗೆಂದು ತೇಲಿಬಿಟ್ಟ ಕಿತ್ತಳೆ ಬಣ್ಣದ ಬುಗ್ಗೆ ಬಲಕ್ಕಿತ್ತು. ಸರಿಮಾಡಿಕೊಂಡು ಮತ್ತೆ ಬೀಸಿದೆ. ಮತ್ತೆ ತಲೆ ಎತ್ತಿದರೆ ಬುಗ್ಗೆ ಬೆನ್ನ ಹಿಂದೆ! ಉಳಿದವರೆಲ್ಲ ದೂರ ಹೋಗಿದ್ದರು. ದೋಣಿಯಲ್ಲಿದ್ದವನು ಕೂಗಿದ: “ಏ ಸಾವ್ಕಾರ್ರ, ಗಾಣಾ ತಿರುಗಸಾಕ ಹತ್ತೀರೇನ್ರಿ? ಬರ್ರಿ, ದೋಣಿ ಹತ್ರಿ!” ದೋಣಿ ಹತ್ತಿದರೆ ಆಟ ಮುಗಿಯಿತು. ತೋಳು ಸೋತಿದ್ದವು, ಎದೆ ಹಾರುತ್ತಿತ್ತು, ಕೆಳಗೆ ಕಾಲಿಗೆ ನೆಲವಿರಲಿಲ್ಲ.

ಅಷ್ಟರಲ್ಲಿ ನೀರು ಸೀಳಿಕೊಂಡು ಒಬ್ಬರು ನನ್ನ ಕಡೆಗೇ ಬಂದರು. ಕಾಕಾ. ಬಹಳ ಮುಂದಿದ್ದವರು ತಿರುಗಿ ಬಂದಿದ್ದರು.

“ಬಾವಿ ದುಂಡಗಿತ್ತೇನೋ?”

“ಹೂಂನ್ರಿ.”

“ತಿಳೀತು. ಇಲ್ಲಿ ಗ್ವಾಡಿ ಇಲ್ಲ. ನನ್ನ ಹಿಮ್ಮಡಾ ಹಿಡಕೊಂಡು ಬಾ. ಕೈಲೆ ಅಲ್ಲ ಮತ್ತ, ಕಣ್ಣಲೆ!”

ದಡ ಮುಟ್ಟುವ ತನಕ ನಾನು ನೋಡಿದ್ದು ಆ ಎರಡು ಬಿಳಿಚಿದ ಹಿಮ್ಮಡಗಳನ್ನು ಮಾತ್ರ. ಜೀವ ಉಳಿಯಿತೆಂಬ ಸಮಾಧಾನಕ್ಕಿಂತ, ಇವರಿಗೆ ಇದೂ ಬರುತ್ತದಲ್ಲ ಎಂಬ ಉರಿಯೇ ನನಗೆ ಹೆಚ್ಚಾಗಿತ್ತು.

ಸೈಕಲ್ಲಿನಲ್ಲಿ ಸೇಡು ತೀರಿಸಿಕೊಂಡೆ. ಮುನವಳ್ಳಿ ರಸ್ತೆಯ ಏರಿನಲ್ಲಿ, ತಮ್ಮ ಅಂಗಡಿಯದೇ ಪಟ್ಟಾಪಟ್ಟಿ ಬಟ್ಟೆಯ ಚಡ್ಡಿಯಲ್ಲಿ ತುಳಿಯುತ್ತಿದ್ದ ಕಾಕಾರನ್ನು ದಾಟಿದೆ. “ಗಂಟಿ ಬಾರಸೋ ಮಗನ!” ಎಂದು ಕೂಗಿದರು. ನಾನು ತಿರುಗಿ ನೋಡಲಿಲ್ಲ. ಸೈಕಲ್ ಇಳಿದು ಓಡುವಾಗ ಕಾಲು ನಿಮ್ಮ ಮಾತು ಕೇಳುವುದಿಲ್ಲ, ನೆನಪಿರಲಿ. ಮೊದಲು ಸಣ್ಣ ಹೆಜ್ಜೆ ಹಾಕಬೇಕು. ಹಾಗೆಯೇ ಓಡಿ ಅವರಿಗಿಂತ ಮುಂಚೆ ಗೆರೆ ಮುಟ್ಟಿದೆ. ಎದೆ ಉಬ್ಬಿಸಿ ಅವರು ಬರುವುದನ್ನೇ ಕಾಯುತ್ತ ನಿಂತೆ.

ಆದರೆ ವಯಸ್ಸಿನ ಪ್ರಕಾರ ಬಹುಮಾನವಂತೆ. ಅರವತ್ತು ದಾಟಿದವರಲ್ಲಿ ಕಾಕಾ ಮೊದಲಿಗರು. ನನ್ನ ವಯಸ್ಸಿನ ಗುಂಪಿನಲ್ಲಿ ನಾನು ಎಷ್ಟನೆಯವನೆಂದು ಹೇಳುವವರೂ ಇರಲಿಲ್ಲ. “ನನ್ನ ವಯಸ್ಸಿನವ್ರು ಎಷ್ಟ ಮಂದಿ ಇದ್ರು?” ಎಂದು ಕಾಕಾ ಕೇಳಿದರು. ಇನ್ಯಾರೂ ಇರಲಿಲ್ಲ. “ಹಂಗಾದ್ರ ಕಡೀದವನೂ ನಾನ!” ಎಂದು ನಕ್ಕು ಪದಕಕ್ಕೆ ಕೊರಳು ಕೊಟ್ಟರು.

ಪೇಟೆಯಲ್ಲಿ ಅವರಿಗೆ ಶಾಲು, ಹಾರ, ಪೇಟ. ಫೋಟೋದಲ್ಲಿ ನನ್ನದು ಒಂದು ಭುಜ ಮಾತ್ರ ಬಂದಿದೆ. ನೀರಿನಲ್ಲಿ ಹೇಗಾಯಿತೆಂದು ಎಲ್ಲರೂ ಅವರನ್ನು ಕೇಳಿದರು. ನಾನು ಗಾಣ ತಿರುಗಿಸಿದ ಕಥೆಯನ್ನು ಅವರು ಹೇಳಿದರೆ ಸಾಯುವತನಕ ನನಗೆ ಅದೇ ಹೆಸರು. ನಮ್ಮ ಪೇಟೆ ಅಂಥದು. ಕಾಕಾ ಹೇಳಿದ್ದು ಇಷ್ಟೇ: “ನೀರ ತಂಪಿತ್ತು.”

ಮರುದಿನ ಹೇಳುತ್ತಾರೆ, ಹಬ್ಬಕ್ಕೆ ಹೇಳುತ್ತಾರೆ, ಜಗಳವಾದರೆ ಹೇಳುತ್ತಾರೆ ಎಂದು ಕಾದೆ. ಹೇಳಿದ್ದರೆ ಸಿಟ್ಟಾಗಲು ನನಗೊಂದು ನೆಪವಾದರೂ ಸಿಗುತ್ತಿತ್ತು. ಅದನ್ನೂ ಅವರು ಕೊಡಲಿಲ್ಲ.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಯಾರೂ ಹೇಳದೆ ಪೇಟೆಯ ಶಟರುಗಳೆಲ್ಲ ಇಳಿದವು. ನಾನು ಸತ್ತರೆ ಎಷ್ಟು ಇಳಿದಾವು ಎಂದು ಅವರ ಮಣ್ಣಿಗೆ ಹೋಗುವಾಗಲೂ ಎಣಿಸಿದೆ. ಸುಳ್ಳು ಯಾಕೆ ಹೇಳಲಿ?

ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಅವರ ಚಹಾ, ನಾಲ್ಕು ಬೆರಳು ಬಟ್ಟೆಯ ಮಾತಾಡಿದರು. ಎದುರಂಗಡಿಯವರು ಎರಡು ಮಾತಾಡಲಿ ಎಂದರು. ಎದ್ದೆ. ಬೇರೇನೂ ತೋಚಲಿಲ್ಲ. ಹಿನ್ನೀರಿನ ಕಥೆ ಹೇಳಿದೆ, ಗಾಣವನ್ನೂ ಬಿಡದೆ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು: “ಹಂಗಾದ್ರ ಮುಂದ ಬಂದವ್ರು ಯಾರು?”

“ನಾನ್ರಿ,” ಎಂದೆ. “ಅವ್ರ ಹಿಂದ ಬಂದಿದ್ದಕ್ಕ.”

ಮುಂದೆ ಕುಳಿತಿದ್ದ ಕಾಕೂ, ಕಾಕಾರ ಹೆಂಡತಿ, ಸೆರಗಿನಿಂದ ಕಣ್ಣೊರೆಸಿಕೊಂಡರು. “ಮನ್ಯಾಗ ನನಗೂ ಒಂದ ಮಾತ ಹೇಳಿಲ್ಲ ನೋಡ್ರಿ,” ಎಂದರು.

ಹೆಂಡತಿಗೂ ಹೇಳಿರಲಿಲ್ಲವೇ! ಮತ್ತೊಮ್ಮೆ ಹೊಟ್ಟೆ ಉರಿಯಿತು. ಇನ್ನೊಬ್ಬನ ಮಾನವನ್ನು ಅಷ್ಟು ದಿನ ಒಳಗಿಟ್ಟುಕೊಂಡು ಮಣ್ಣಿನ ತನಕ ಒಯ್ಯುವುದು ನನ್ನಂಥವನಿಂದ ಆಗುವ ಕೆಲಸವಲ್ಲ.